ತರಗತಿಯಲ್ಲಿ ತೆರೆ: ಐವತ್ತು ವರ್ಷಗಳ ನಡೆ

ಹೈದರಾಬಾದಿನ ಬಾಲಾನಗರದಲ್ಲಿ, ಎಚ್‌ಎಎಲ್ ಕಾರ್ಖಾನೆಯನ್ನೂ ಸಣ್ಣಪುಟ್ಟ ವರ್ಕ್‌ಶಾಪುಗಳನ್ನೂ ನೆಚ್ಚಿ ಬದುಕುವ ಆ ವಸತಿಯಲ್ಲಿ, 2020ರ ಶರತ್ಕಾಲದಲ್ಲಿ ನಾನು ಕಂಡ ಒಂದು ಮನೆಯ ಚಿತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮನೆಗೆ ಇದ್ದುದು ಒಂದೇ ಫೋನು. ಅದು ಬೆಳಿಗ್ಗೆ ತಂದೆಯೊಡನೆ ಪಾಳಿಗೆ ಹೋಗಿ ಸಂಜೆ ಮರಳುತ್ತಿತ್ತು. ಏಳನೆಯ ತರಗತಿಯ ಬಾಲಕಿ ಅದನ್ನು ಸ್ಟೀಲಿನ ಚೊಂಬಿಗೆ ಆನಿಸಿ ನಿಲ್ಲಿಸಿ, ಮಾಸ್ತರರು ಕಳುಹಿಸಿದ ಲೆಕ್ಕಗಳನ್ನು ಬರೆದುಕೊಳ್ಳುವಷ್ಟರಲ್ಲಿಯೇ ಯಾರದೋ ವಿಡಿಯೋ ತೆರೆಯ ಮೇಲೆ ಮಿನುಗಿ, ಅವಳ ಪೆನ್ಸಿಲು ಅರ್ಧದಲ್ಲಿ ನಿಲ್ಲುತ್ತಿತ್ತು. ಪಾಠವೂ ಪಾಠಕ್ಕೆ ವಿಘ್ನವೂ ಒಂದೇ ಗಾಜಿನ ಹಿಂದೆ ವಾಸಮಾಡತೊಡಗಿದ್ದು ಹೇಗೆಂಬುದನ್ನು ವಿಚಾರಿಸುವುದೇ ಈ ಬರೆಹದ ಉದ್ದೇಶ.

ನಮ್ಮ ಹಳ್ಳಿಶಾಲೆಗಳಿಗೆ ತೆರೆಯು ಬಂದುದು ಆಕಾಶಮಾರ್ಗವಾಗಿ. 1975ರ ಆಗಸ್ಟ್ 1ರಿಂದ ಒಂದು ವರ್ಷಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವು ತಲುಪಿತು. ಕರ್ನಾಟಕದ ಕಲಬುರಗಿ, ರಾಯಚೂರು, ವಿಜಾಪುರದ ಕಡೆಯ ಊರುಗಳೂ ಆಂಧ್ರಪ್ರದೇಶದ ಊರುಗಳೂ ಅದರಲ್ಲಿ ಸೇರಿದ್ದುವು. ಬೆಳಗಿನ ಹೊತ್ತು ಮಕ್ಕಳಿಗಾಗಿ ಕಾರ್ಯಕ್ರಮ ಬರುತ್ತಿತ್ತು, ಮುಗಿಯುತ್ತಿತ್ತು; ಮುಗಿದ ಬಳಿಕ ಪೆಟ್ಟಿಗೆ ಕಪ್ಪಾಗುತ್ತಿತ್ತು. ಆ ಕತ್ತಲೆಯಲ್ಲಿ ಉಪಾಧ್ಯಾಯನ ಮಾತಿಗೆ ಎಡೆಯುಂಟಾಗುತ್ತಿತ್ತು. ಈ ಅಂಶಕ್ಕೆ ನಮ್ಮ ಶಿಕ್ಷಣದ ಇತಿಹಾಸಕಾರರು ಸಲ್ಲಬೇಕಾದಷ್ಟು ಗಮನ ಸಲ್ಲಿಸಿಲ್ಲವೆಂದೇ ನನ್ನ ಭಾವನೆ.

ಮುಂದೆ 1984ರಲ್ಲಿ ‘ಕ್ಲಾಸ್’ ಯೋಜನೆಯ ಮೂಲಕ ಬಿಬಿಸಿ ಮೈಕ್ರೋ ಗಣಕಗಳೂ, ಶತಮಾನದ ತಿರುವಿನಲ್ಲಿ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣದ ‘ಮಾಹಿತಿ ಸಿಂಧು’ ಯೋಜನೆಯೂ, 2004ರ ಎಜುಸ್ಯಾಟ್ ಉಪಗ್ರಹದಿಂದ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠಗಳೂ ಬಂದುವು. ಗಣಕಕ್ಕೊಂದು ಕೊಠಡಿ, ಕೊಠಡಿಗೊಂದು ಬೀಗ, ವಾರಕ್ಕಿಷ್ಟು ಪಿರಿಯಡ್ಡು. ನಿಯಂತ್ರಣವೆಂಬುದು ಗೋಡೆಯಲ್ಲಿಯೂ ವೇಳಾಪಟ್ಟಿಯಲ್ಲಿಯೂ ತಾನಾಗಿಯೇ ಇದ್ದಿತು.

ಕಿಸೆಯ ಫೋನಿಗೆ ಗೋಡೆಯಿಲ್ಲ. ಸಿಬಿಎಸ್‌ಇಯು 2009ರಲ್ಲಿಯೇ ಶಾಲೆಯೊಳಗೆ ಮೊಬೈಲನ್ನು ನಿರ್ಬಂಧಿಸಬೇಕೆಂದು ಸುತ್ತೋಲೆ ಹೊರಡಿಸಿದ್ದರೂ, 2020ರ ಮಹಾಮಾರಿಯು ಅದೇ ವಸ್ತುವನ್ನು ಶಾಲೆಯನ್ನಾಗಿಯೇ ಮಾಡಿಬಿಟ್ಟಿತು. ತೆಲಂಗಾಣವು ಸೆಪ್ಟೆಂಬರ್ 1ರಿಂದ ಟಿ-ಸ್ಯಾಟ್ ಮತ್ತು ದೂರದರ್ಶನದ ಯಾದಗಿರಿ ವಾಹಿನಿಗಳಲ್ಲಿ ಪಾಠಗಳನ್ನು ಬಿತ್ತರಿಸಿತು. ಕರ್ನಾಟಕವು ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಮಾಲೆಯನ್ನು ನಡೆಸಿತು, ಹಾಗೂ ಐದನೆಯ ತರಗತಿಯವರೆಗಿನ ಆನ್‌ಲೈನ್ ಪಾಠಗಳನ್ನು ನಿಷೇಧಿಸಲು ಹೋಗಿ ಉಚ್ಚ ನ್ಯಾಯಾಲಯದ ತಡೆಯಾಜ್ಞೆಯನ್ನು ಕಂಡಿತು. ಆನ್‌ಲೈನ್ ಪಾಠಗಳ ಕುರಿತ ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿಯು ಒಂದರಿಂದ ಎಂಟನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡೇ ಅವಧಿಗಳನ್ನು ಗೊತ್ತುಪಡಿಸಿತು. ನಿಮಿಷಗಳನ್ನು ಎಣಿಸುವ ಈ ವಿವೇಕ ಶಾಲೆಗಳು ತೆರೆದ ಮೇಲೆ ಮರೆತುಹೋದುದು ವಿಷಾದಕರ.

ಫೋನನ್ನು ಶಾಲೆಯಿಂದ ದೂರವಿಡುವ ಯತ್ನಗಳೂ ನಡೆದಿವೆ. 2018ರಲ್ಲಿ ಫ್ರಾನ್ಸ್ ಶಾಸನದಿಂದಲೇ ಶಾಲೆಗಳಲ್ಲಿ ಫೋನನ್ನು ನಿಷೇಧಿಸಿತು. ದೆಹಲಿ ಉಚ್ಚ ನ್ಯಾಯಾಲಯವು 2025ರಲ್ಲಿ, ಪೂರ್ಣ ನಿಷೇಧವು ಅನಪೇಕ್ಷಿತವೂ ಅಸಾಧ್ಯವೂ ಆದುದೆಂದು ಹೇಳಿ, ಸಾಧ್ಯವಾದೆಡೆ ಫೋನನ್ನು ಶಾಲೆಯ ವಶದಲ್ಲಿರಿಸಿ ತರಗತಿಯಲ್ಲಿ ಅದರ ಬಳಕೆಯನ್ನು ತಡೆಯುವ ಮಧ್ಯಮಮಾರ್ಗವನ್ನು ಸೂಚಿಸಿತು. ಆದರೆ 2024ರ ‘ಅಸರ್’ ಶಿಕ್ಷಣ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನು ಬಳಸಬಲ್ಲ 14ರಿಂದ 16 ವರ್ಷದ ಗ್ರಾಮೀಣ ಮಕ್ಕಳ ಪೈಕಿ ಹಿಂದಿನ ವಾರದಲ್ಲಿ ಫೋನನ್ನು ಓದಿಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ. 76. ಶಾಲೆಯ ಬಾಗಿಲಲ್ಲಿ ಫೋನನ್ನು ಇಸಕೊಂಡ ಮಾತ್ರಕ್ಕೆ ಈ ಅಂತರವು ಅಳಿಯಲಾರದು. ಯಾವ ಪಾಠಕ್ಕೆ, ಎಷ್ಟು ನಿಮಿಷ, ಅನಂತರ ಅದನ್ನು ಎಲ್ಲಿಡತಕ್ಕದ್ದು ಎಂಬ ಮೂರನ್ನೂ ಪ್ರತಿಯೊಬ್ಬ ಉಪಾಧ್ಯಾಯನೂ ಪಾಠಟಿಪ್ಪಣಿಯಲ್ಲಿ ಮೊದಲೇ ಬರೆದಿಡಲಿ, ಹಾಗೆ ಬರೆಯುವ ಅಧಿಕಾರವನ್ನು ಇಲಾಖೆಗಳು ಅವನಿಗೆ ಕೊಡಲಿ ಎಂಬುದೇ ನನ್ನ ಬಿನ್ನಹ.