ಹಣ ಮುಂದೆ, ಲೆಕ್ಕ ಹಿಂದೆ: ಪಶ್ಚಿಮ ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ ಬಿಲ್ಲಿಂಗ್ ವ್ಯವಸ್ಥೆಯ ಬೆಳವಣಿಗೆ

ಸರಕು ಗಿರಾಕಿಯ ಕೈಸೇರಿ ಹಣ ವ್ಯಾಪಾರಿಯ ಕೈಸೇರುವ ಜಾಗವನ್ನು ವಾಣಿಜ್ಯಶಾಸ್ತ್ರದಲ್ಲಿ ಪಾಯಿಂಟ್ ಆಫ್ ಸೇಲ್, ಸಂಕ್ಷೇಪವಾಗಿ ಪಿಒಎಸ್, ಎಂದು ಕರೆಯುತ್ತಾರೆ. ಅಲ್ಲಿ ಬಳಕೆಯಾಗುವ ಯಂತ್ರ ಮತ್ತು ತಂತ್ರಾಂಶಗಳಿಗೂ ಈಗ ಅದೇ ಹೆಸರು ನಿಂತಿದೆ. ಬೆಲೆ ಕೂಡಿ ಬಿಲ್ ಬರೆಯುವುದು, ಹಣ ಪಡೆಯುವುದು, ಮಾರಿದ್ದೇನು ಉಳಿದದ್ದೇನು ಎಂಬ ಲೆಕ್ಕ ಇಡುವುದು, ಈ ಮೂರೂ ಅದರ ಕೆಲಸ. ದೊಡ್ಡ ಮಳಿಗೆಗಳಿಗೆ ಇವು ಒಂದೇ ಯಂತ್ರದಲ್ಲಿ ಒಟ್ಟಿಗೆ ಬಂದವು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ದಿನಸಿ ಅಂಗಡಿ, ಬೇಕರಿ, ಕಾಂಡಿಮೆಂಟ್ಸ್, ದರ್ಶಿನಿಗಳಲ್ಲಿ ಹಾಗಾಗಲಿಲ್ಲ. ಅಲ್ಲಿಗೆ ಅವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಒತ್ತಡಗಳಿಂದ, ಬೇರೆ ಬೇರೆ ಕಂಪನಿಗಳ ಕೈಯಿಂದ ಬಂದವು. ಹಣ ಪಡೆಯುವ ವ್ಯವಸ್ಥೆ ಕೆಲವೇ ವರ್ಷಗಳಲ್ಲಿ ತಳ್ಳುಗಾಡಿಯವರೆಗೂ ತಲುಪಿತು, ಲೆಕ್ಕ ಇಡುವ ವ್ಯವಸ್ಥೆ ಹಿಂದೆ ಉಳಿಯಿತು. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳನ್ನು ಕಂಗೆಡಿಸಿದ ತೆರಿಗೆ ನೋಟಿಸುಗಳನ್ನು ಈ ಅಂತರದ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಯಂತ್ರದ ಮೂಲ ಅಮೆರಿಕದ ಓಹಾಯೊ ರಾಜ್ಯದ ಡೇಟನ್ ನಗರದಲ್ಲಿದೆ. ಅಲ್ಲಿ ಮದ್ಯದಂಗಡಿ ನಡೆಸುತ್ತಿದ್ದ ಜೇಮ್ಸ್ ರಿಟ್ಟಿ 1879ರಲ್ಲಿ ಮೊದಲ ಕ್ಯಾಶ್ ರಿಜಿಸ್ಟರಿಗೆ ಪೇಟೆಂಟ್ ಪಡೆದದ್ದು ನೌಕರರು ಹಣ ಜೇಬಿಗಿಳಿಸುವುದನ್ನು ತಡೆಯುವುದಕ್ಕಾಗಿ. ಮಾಲೀಕನೇ ಗಲ್ಲಾದ ಮುಂದೆ ಕೂರುವ, ಅವನಿಲ್ಲದಾಗ ಹೆಂಡತಿಯೋ ಮಗನೋ ಕೂರುವ ದಿನಸಿ ಅಂಗಡಿಗೆ ಇಂಥ ಕಾವಲಿನ ಅಗತ್ಯವೇ ಇರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಗಿರಾಕಿಯ ಬಾಕಿಯ ನೆನಪು. ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೂ ಪೀಣ್ಯಕ್ಕೂ ದುಡಿಯಲು ಹೋಗುತ್ತಿದ್ದ ಕುಟುಂಬಗಳು ತಿಂಗಳಿಡೀ ಸಾಲದಲ್ಲಿ ಸಾಮಾನು ಒಯ್ದು ಸಂಬಳವಾದ ಮೇಲೆ ತೀರಿಸುತ್ತಿದ್ದುದರಿಂದ, ಅಂಗಡಿಯ ಉದ್ದನೆಯ ಸಾಲದ ಪುಸ್ತಕವೂ ಮನೆಯಲ್ಲಿರುತ್ತಿದ್ದ ಅದರ ಜೋಡಿ ಪುಸ್ತಕವೂ ಸೇರಿ ಆ ಕಾಲದ ಪಿಒಎಸ್ ಆಗಿದ್ದವು ಎನ್ನಬಹುದು. ಆ ಪುಸ್ತಕಕ್ಕೆ ಒಂದು ದೊಡ್ಡ ಗುಣವಿತ್ತು: ಎರಡೂ ಪಕ್ಷದವರು ಅದನ್ನು ಕನ್ನಡದಲ್ಲಿ ಓದಬಲ್ಲವರಾಗಿದ್ದರು.

ಯಂತ್ರಕ್ಕೆ ಮೊದಲು ಜಾಗ ಕೊಟ್ಟದ್ದು ಹೋಟೆಲು. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಆರಂಭವಾಗಿ ನಗರದ ಬಡಾವಣೆಗಳಿಗೆಲ್ಲ ಹಬ್ಬಿದ ದರ್ಶಿನಿ ಪದ್ಧತಿಯಲ್ಲಿ ಕೂರಲು ಕುರ್ಚಿಗಳಿಲ್ಲ, ಬಡಿಸುವವರಿಲ್ಲ. ಗಿರಾಕಿ ಮೊದಲು ಹಣ ಕೊಟ್ಟು ಚೀಟಿ ಪಡೆಯಬೇಕು, ಚೀಟಿ ತೋರಿಸಿ ತಿಂಡಿ ಪಡೆಯಬೇಕು. ಹಣ ಪಡೆಯುವವನು ಒಬ್ಬ, ದೋಸೆ ಕೊಡುವವನು ಇನ್ನೊಬ್ಬ ಆದ್ದರಿಂದ ಇಬ್ಬರ ನಡುವೆ ನಂಬಿಕೆಗೆ ಅರ್ಹವಾದ ಮುದ್ರಿತ ದಾಖಲೆ ಬೇಕಾಯಿತು. ಒಂದೊಂದು ತಿಂಡಿಗೆ ಒಂದೊಂದು ಗುಂಡಿಯಿದ್ದ ಬಿಲ್ಲಿಂಗ್ ಯಂತ್ರ ಅಲ್ಲಿ ಸಹಜವಾಗಿ ನೆಲೆಯೂರಿತು, ಏಕೆಂದರೆ ಮಾರುವ ವಸ್ತುಗಳು ಬೆರಳೆಣಿಕೆಯವು, ಬೆಲೆ ನಿಗದಿಯಾದದ್ದು, ಸಾಲವೆಂಬುದಿಲ್ಲ. ಸಾವಿರಾರು ಬಗೆಯ ಸರಕಿರುವ, ಅರ್ಧ ಕಿಲೋ ಬೇಳೆ ತೂಗಿ ಕೊಡುವ ದಿನಸಿ ಅಂಗಡಿಗೆ ಈ ಯಾವ ಅನುಕೂಲವೂ ಇರಲಿಲ್ಲ.

ಪೊಟ್ಟಣದ ಸರಕಿನ ಕಷ್ಟವನ್ನು ಬಾರ್‌ಕೋಡ್ ನೀಗಿತು. ದಪ್ಪ ತೆಳು ಗೆರೆಗಳಲ್ಲಿ ವಸ್ತುವಿನ ಗುರುತುಸಂಖ್ಯೆಯನ್ನು ಅಡಗಿಸುವ ಈ ವಿಧಾನ 1974ರಲ್ಲಿ ಓಹಾಯೊದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ ಈ ಸಂಖ್ಯೆಗಳನ್ನು ಹಂಚುವ ಜಿಎಸ್1 ಇಂಡಿಯಾ ಸಂಸ್ಥೆ 1996ರಲ್ಲಿ ಸ್ಥಾಪನೆಯಾಯಿತು, ಅದು ಕೊಡುವ ಸಂಖ್ಯೆಗಳು 890ರಿಂದ ಆರಂಭವಾಗುತ್ತವೆ. ಬಿಡಿ ಸರಕಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದರೂ ತೂಕ ಬಿಲ್ಲಿನೊಳಗೆ ತಾನಾಗಿ ಇಳಿಯುವ ಜೋಡಣೆ ಸೂಪರ್ ಮಾರ್ಕೆಟ್ಟುಗಳನ್ನು ದಾಟಿ ಹೆಚ್ಚು ಮುಂದೆ ಬರಲಿಲ್ಲ. ಲೆಕ್ಕದ ತಂತ್ರಾಂಶದ ಮಟ್ಟಿಗೆ ಬೆಂಗಳೂರೇ ದೇಶಕ್ಕೆ ದಾರಿ ತೋರಿಸಿತು. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಪ್ಯೂಟ್ರಾನಿಕ್ಸ್ ಸಂಸ್ಥೆಯ ಟ್ಯಾಲಿ ಎಷ್ಟು ಹಬ್ಬಿತೆಂದರೆ, ಟ್ಯಾಲಿ ಬರುತ್ತದೆಯೇ ಎಂಬುದು ಗುಮಾಸ್ತೆಯ ಕೆಲಸಕ್ಕೆ ಕೇಳುವ ಮೊದಲ ಪ್ರಶ್ನೆಯಾಯಿತು. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಯಾದಾಗ, ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಲು ಬಿಲ್ ಬಿಲ್ಲಿಗೂ ದಾಖಲೆ ಬೇಕಾದ್ದರಿಂದ, ಸಗಟು ವ್ಯಾಪಾರಿಗಳೂ ದೊಡ್ಡ ಅಂಗಡಿಗಳೂ ಕಂಪ್ಯೂಟರ್ ಕೊಂಡವು. ಸಣ್ಣವರು ವರ್ಷಕ್ಕೊಮ್ಮೆ ಲೆಕ್ಕ ಬರೆಯುವವರ ಬಳಿ ಹೋದರು, ಇಲ್ಲವೇ ಎಲ್ಲಿಗೂ ಹೋಗಲಿಲ್ಲ.

ಕಾರ್ಡ್ ಉಜ್ಜುವ ಸ್ವೈಪಿಂಗ್ ಮೆಷಿನ್ನಿನ ಕಥೆ ಚಿಕ್ಕದು. ಮೊದಲಿಗೆ ದೂರವಾಣಿ ತಂತಿಗೆ, ಅನಂತರ ಸಿಮ್ಮಿಗೆ ಕಟ್ಟುಬಿದ್ದಿದ್ದ ಈ ಯಂತ್ರಕ್ಕೆ ಬಾಡಿಗೆಯಿತ್ತು, ಪ್ರತಿ ಮಾರಾಟದ ಮೇಲೆ ಬ್ಯಾಂಕುಗಳು ಹಿಡಿದುಕೊಳ್ಳುವ ಎಂಡಿಆರ್ ಎಂಬ ಶುಲ್ಕವೂ ಇತ್ತು. ನೂರಕ್ಕೆ ಕೆಲವೇ ರೂಪಾಯಿ ಲಾಭ ಸಿಗುವ ಸರಕಿನಲ್ಲಿ ಒಂದು ರೂಪಾಯಿ ಬ್ಯಾಂಕಿಗೆ ಹೋಗುವುದು ಸಣ್ಣ ಮಾತಲ್ಲ. ಮೊಬೈಲನ್ನೇ ಸ್ವೈಪಿಂಗ್ ಯಂತ್ರವಾಗಿಸುವ ಯೋಚನೆಗೆ ಅಮೆರಿಕದಲ್ಲಿ 2009ರಲ್ಲಿ ಹುಟ್ಟಿದ ಸ್ಕ್ವೇರ್ ಕಂಪನಿ ಹೆಸರಾಯಿತು. ಅದೇ ಯೋಚನೆಯನ್ನು ಇಲ್ಲಿನ ಮಾರುಕಟ್ಟೆಗೆ ತಂದ ಈಜಿಟ್ಯಾಪ್ 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2022ರಲ್ಲಿ ರೇಜರ್‌ಪೇ ಪಾಲಾಯಿತು. ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ, ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ವ್ಯಾಪಾರಿಗಳಿಗೆ ಡೆಬಿಟ್ ಕಾರ್ಡ್ ಶುಲ್ಕದ ಮಿತಿಯನ್ನು ಶೇ 0.40ಕ್ಕೆ ಇಳಿಸಿತಾದರೂ ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು.

ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2016ರ ಏಪ್ರಿಲ್‌ನಲ್ಲಿ ಆರಂಭಿಸಿದ ಯುಪಿಐ, ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಹಣ ಸಾಗಿಸುವ ವ್ಯವಸ್ಥೆ. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿ ಅದನ್ನು ಬೀದಿಗೆ ತಂದಿತು. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ಎಂಡಿಆರ್ ಇಲ್ಲವಾಯಿತು. ಆ ವರ್ಷದ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲದ ಜೊತೆಗೆ ಡಿಜಿಟಲ್ ವಹಿವಾಟಿಗೆ ತಿಂಗಳಿಗೆ 100 ರೂಪಾಯಿವರೆಗೆ ಪ್ರೋತ್ಸಾಹಧನವನ್ನೂ ಕೊಟ್ಟಿತು. ಪಶ್ಚಿಮ ಬಡಾವಣೆಗಳಲ್ಲಿ ಯುಪಿಐ ಹರಡುವುದಕ್ಕೆ ಇನ್ನೊಂದು ಕಾರಣವೂ ಕೂಡಿಕೊಂಡಿತು. ಮೆಟ್ರೊ 2014ರಲ್ಲಿ ರಾಜಾಜಿನಗರಕ್ಕೆ, 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಬಂದ ಮೇಲೆ ನಿಲ್ದಾಣಗಳ ಸುತ್ತಲಿನ ಅಂಗಡಿಗಳಿಗೆ ಹೆಸರು ಗೊತ್ತಿಲ್ಲದ, ಸಾಲ ಕೊಡಲಾಗದ, ಚಿಲ್ಲರೆಗಾಗಿ ಕಾಯಲೊಲ್ಲದ ಗಿರಾಕಿಗಳು ಹೆಚ್ಚಿದರು. ಅಂಥವರಿಗೆ ಗೋಡೆಗಂಟಿಸಿದ ಕ್ಯೂಆರ್ ಹಾಳೆ, ಅಂದರೆ ವ್ಯಾಪಾರಿಯ ವಿಳಾಸವನ್ನು ಹೊತ್ತ ಚೌಕ ಚುಕ್ಕಿಗಳ ಚಿತ್ರ, ಸಾಕಾಗಿತ್ತು. ದೇಶದಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ 2023ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ತಿಂಗಳಿಗೆ 1,000 ಕೋಟಿಯನ್ನೂ, ಎರಡೇ ವರ್ಷದಲ್ಲಿ 2,000 ಕೋಟಿಯನ್ನೂ ದಾಟಿತು.

ಕ್ಯೂಆರ್ ಹಾಳೆಯ ದೊಡ್ಡ ಕೊರತೆಯೆಂದರೆ ಹಣ ಬಂದದ್ದು ವ್ಯಾಪಾರಿಗೆ ತಕ್ಷಣ ತಿಳಿಯದಿರುವುದು. ಗಿರಾಕಿ ತೋರಿಸುವ ಪರದೆಯನ್ನು ನಂಬಿ ಮೋಸಹೋದವರು ಎಲ್ಲ ಪೇಟೆಗಳಲ್ಲೂ ಇದ್ದರು. 2019ರಲ್ಲಿ ಪೇಟಿಎಂ ತಂದ, ಅನಂತರ ಬೆಂಗಳೂರಿನ ಫೋನ್‌ಪೇ ಮತ್ತಿತರರೂ ತಂದ ಸೌಂಡ್ ಬಾಕ್ಸ್ ಇದಕ್ಕೆ ಪರಿಹಾರವಾಯಿತು. ಒಳಗೊಂದು ಸಿಮ್ ಇರುವ ಈ ಪುಟ್ಟ ಪೆಟ್ಟಿಗೆ ಬಂದ ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುವುದರಿಂದ, ಎರಡೂ ಕೈ ಕೆಲಸದಲ್ಲಿರುವ ಬಜ್ಜಿ ಅಂಗಡಿಯವರಿಗೂ ಓದು ಬಾರದ ಹೂವಿನವರಿಗೂ ತಂತ್ರಜ್ಞಾನ ಮೊದಲ ಸಲ ನಿಜವಾಗಿ ಒದಗಿತು. ಈ ಇಡೀ ಇತಿಹಾಸದಲ್ಲಿ ಸಣ್ಣ ವ್ಯಾಪಾರಿಯ ದಿನಚರಿಯನ್ನು ನೋಡಿ ಮಾಡಿದ ಸಾಧನವೆಂದರೆ ಇದೇ ಎಂದು ಧೈರ್ಯವಾಗಿ ಹೇಳಬಹುದು. ಪಾವತಿಯಿಂದಲೇ ಆದಾಯವಿಲ್ಲದ ಕಂಪನಿಗಳು ಪೆಟ್ಟಿಗೆಯ ತಿಂಗಳ ಬಾಡಿಗೆಯಿಂದಲೂ, ದಿನದ ವಸೂಲಿಯಲ್ಲಿ ಕಂತು ಮುರಿದುಕೊಳ್ಳುವ ಸಾಲ ಕೊಡಿಸುವುದರಿಂದಲೂ ಗಳಿಸತೊಡಗಿದವು.

ಆದರೆ ಸೌಂಡ್ ಬಾಕ್ಸ್ ಬಿಲ್ ಬರೆಯುವುದಿಲ್ಲ. ಎಷ್ಟು ಬಂತೆಂಬುದನ್ನು ಅದು ಬಲ್ಲದೇ ಹೊರತು ಯಾತಕ್ಕೆ ಬಂತೆಂಬುದನ್ನಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ 2021–22ರಿಂದ 2024–25ರವರೆಗಿನ ಯುಪಿಐ ದತ್ತಾಂಶದ ಆಧಾರದ ಮೇಲೆ ಸಾವಿರಾರು ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಈ ವ್ಯತ್ಯಾಸ ಬದುಕಿನ ಪ್ರಶ್ನೆಯಾಯಿತು. 2017ರ ಜುಲೈ 1ರಂದು ಜಾರಿಯಾದ ಜಿಎಸ್‌ಟಿಯಲ್ಲಿ, ಸರಕು ಮಾರುವವರು ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರು 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಮಾಡಿಸಬೇಕು. ದಿನಕ್ಕೆ ಸುಮಾರು 11,000 ರೂಪಾಯಿ ಮಾರಾಟವಾದರೆ 40 ಲಕ್ಷ ಆಗುತ್ತದೆ. ಹಾಲು ಮತ್ತು ಸಿಗರೇಟು ಮಾರುವ ಕಾಂಡಿಮೆಂಟ್ಸ್‌ನಲ್ಲಿ ವಹಿವಾಟು ದೊಡ್ಡದು, ಉಳಿಯುವ ಲಾಭ ಬಹಳ ಚಿಕ್ಕದು. ಹಾಲಿನಂಥ ತೆರಿಗೆಯಿಲ್ಲದ ಸರಕೂ ಒಟ್ಟು ವಹಿವಾಟಿಗೆ ಸೇರುತ್ತದೆ, ಬರೀ ಅಂಥ ಸರಕನ್ನೇ ಮಾರುವವರಿಗೆ ಮಾತ್ರ ನೋಂದಣಿ ಬೇಕಿಲ್ಲ ಎಂಬ ಸೂಕ್ಷ್ಮ ಬಹುಪಾಲು ವ್ಯಾಪಾರಿಗಳಿಗೆ ತಿಳಿದಿರಲಿಲ್ಲ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷದ ನೋಟಿಸು ಬಂದ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಅಂಗಡಿಗಳಲ್ಲಿ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಕಾಣಿಸಿಕೊಂಡವು, ಜುಲೈ 25ಕ್ಕೆ ಬಂದ್ ಕರೆ ಬಂತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಹೇಳಿದ ಮೇಲೆ ಕಾವು ಇಳಿಯಿತು. ಇಲ್ಲಿ ಇಲಾಖೆಯ ಕಾನೂನು ತಪ್ಪಲ್ಲ. ಮಾರಾಟದ ಹಣ, ಮನೆಯವರು ಕಳಿಸಿದ ಹಣ, ಕೈಗಡ ವಾಪಸಾದ ಹಣ ಎಲ್ಲವೂ ಒಂದೇ ಖಾತೆಗೆ ಬಿದ್ದಾಗ ಅವನ್ನು ಬೇರ್ಪಡಿಸಿ ತೋರಿಸುವ ಬಿಲ್ಲು ವ್ಯಾಪಾರಿಯ ಬಳಿ ಇಲ್ಲದ್ದೇ ಅವನನ್ನು ಅಸಹಾಯಕನನ್ನಾಗಿಸಿತು.

ಬಿಲ್ ಬರೆಯುವ ಮೊಬೈಲ್ ತಂತ್ರಾಂಶಗಳಿಗೇನೂ ಬರವಿಲ್ಲ, ಅವುಗಳಲ್ಲಿ ಹಲವು ಬೆಂಗಳೂರಿನವೇ. ವ್ಯಾಪಾರ್ ಬಿಲ್ಲು ಮತ್ತು ದಾಸ್ತಾನು ನೋಡಿಕೊಳ್ಳುತ್ತದೆ. ಓಕೆಕ್ರೆಡಿಟ್ ಮತ್ತು ಖಾತಾಬುಕ್ ಸಾಲದ ಪುಸ್ತಕವನ್ನೇ ಮೊಬೈಲಿಗೆ ತಂದು ಬಾಕಿದಾರರಿಗೆ ಸಂದೇಶ ಕಳಿಸುತ್ತವೆ. ತೊಡಕಿರುವುದು ಬಳಕೆಯಲ್ಲಿ, ವಿಶೇಷವಾಗಿ ಭಾಷೆಯಲ್ಲಿ. ಅಂಗಡಿಗಳಲ್ಲಿ ಕಾಣುವ, ಶಾಯಿಯಿಲ್ಲದೆ ಶಾಖದಿಂದ ಅಕ್ಷರ ಮೂಡಿಸುವ ಥರ್ಮಲ್ ಮುದ್ರಕಗಳ ಒಳಗೆ ಅಳವಡಿಸಿರುವುದು ಸಾಮಾನ್ಯವಾಗಿ ರೋಮನ್ ಅಕ್ಷರಗಳು. ಕನ್ನಡದ ಗುಣಿತ, ಒತ್ತಕ್ಷರಗಳನ್ನು ಜೋಡಿಸುವುದು ಆ ಮುದ್ರಕಕ್ಕೆ ತಿಳಿಯದ್ದರಿಂದ ತಂತ್ರಾಂಶ ಇಡೀ ಸಾಲನ್ನು ಚಿತ್ರವಾಗಿ ಬರೆದು ಚುಕ್ಕಿಗಳಾಗಿ ಕಳಿಸಬೇಕಾಗುತ್ತದೆ. 58 ಮಿಲಿಮೀಟರ್ ಅಗಲದ ಕಾಗದದಲ್ಲಿ ಒಂದು ಅಡ್ಡಸಾಲಿಗೆ ಸಿಗುವುದು 384 ಚುಕ್ಕಿಗಳು ಮಾತ್ರ, ಅದರಲ್ಲಿ ಒತ್ತಕ್ಷರ ಸ್ಪಷ್ಟವಾಗಿ ಮೂಡಬೇಕಾದರೆ ಸಾಲು ಎತ್ತರವಾಗಬೇಕು, ಬಿಲ್ಲು ಉದ್ದವಾಗುತ್ತದೆ. ತಂತ್ರಾಂಶ ಬರೆಯುವವರು ಸುಲಭದ ದಾರಿ ಹಿಡಿದು ತೊಗರಿಬೇಳೆಯನ್ನು ರೋಮನ್ ಲಿಪಿಯಲ್ಲೇ ಅಚ್ಚುಹಾಕುತ್ತಾರೆ. ಹಣ ಬಂದದ್ದನ್ನು ಕನ್ನಡದಲ್ಲಿ ಕೇಳುವ ವ್ಯಾಪಾರಿ ತಾನು ಕೊಟ್ಟ ಬಿಲ್ಲನ್ನು ಕನ್ನಡದಲ್ಲಿ ಓದಲಾರ. ಇದು ತಂತ್ರದ ಅಸಾಧ್ಯತೆಯಲ್ಲ, ಉಪೇಕ್ಷೆ. ಜೊತೆಗೆ ಥರ್ಮಲ್ ಅಚ್ಚು ಬೇಗ ಮಾಸುತ್ತದೆ, ಆದರೆ ಜಿಎಸ್‌ಟಿ ಕಾನೂನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳ ಕಾಲ ದಾಖಲೆ ಇಟ್ಟಿರಬೇಕೆನ್ನುತ್ತದೆ.

ಕಾನೂನು ಕೆಲವು ರಿಯಾಯಿತಿಗಳನ್ನೂ ಕೊಟ್ಟಿದೆ. 200 ರೂಪಾಯಿಗಿಂತ ಕಡಿಮೆ ಮಾರಾಟಕ್ಕೆ ಗಿರಾಕಿ ಕೇಳದಿದ್ದರೆ ಬೇರೆ ಬೇರೆ ಬಿಲ್ ಬೇಡ, ದಿನದ ಕೊನೆಗೆ ಒಟ್ಟು ಬಿಲ್ ಬರೆದರೆ ಸಾಕು, ವರ್ಷಕ್ಕೆ 1.5 ಕೋಟಿಯೊಳಗಿನ ವಹಿವಾಟಿನ, ಸರಕು ಮಾರುವ ವ್ಯಾಪಾರಿಗಳು ರಾಜಿ ತೆರಿಗೆ ಪದ್ಧತಿಗೆ ಸೇರಿ ಶೇ 1ರಷ್ಟು ಕಟ್ಟಿ ಮುಗಿಸಬಹುದು. ಆದರೂ ಲೆಕ್ಕದ ಹೊರೆ ಪೂರ್ತಿ ತಪ್ಪಿಲ್ಲ: 2025ರ ಸೆಪ್ಟೆಂಬರ್ 22ರಂದು ತೆರಿಗೆ ದರಗಳು ಬದಲಾದಾಗ ಬಿಲ್ಲಿಂಗ್ ತಂತ್ರಾಂಶ ಇದ್ದ ಅಂಗಡಿಗಳಲ್ಲಿಯೂ ಸೋಪು, ಬಿಸ್ಕತ್ತು, ಕುರುಕಲು ತಿಂಡಿಗಳ ದರವನ್ನು ಒಂದೊಂದಾಗಿ ತಿದ್ದಬೇಕಾಯಿತು.

ಹಣ ಮತ್ತು ಲೆಕ್ಕ ಮತ್ತೆ ಒಂದಾಗುವ ದಾರಿ ಡೈನಾಮಿಕ್ ಕ್ಯೂಆರ್‌ನಲ್ಲಿದೆ: ಪ್ರತಿ ಬಿಲ್ಲಿಗೂ ಅದರದೇ ಮೊತ್ತ ಮತ್ತು ಸಂಖ್ಯೆಯನ್ನು ಹೊತ್ತ ಹೊಸ ಕ್ಯೂಆರ್ ಪರದೆಯ ಮೇಲೆ ಮೂಡುತ್ತದೆ, ಬಂದ ಹಣ ಆ ಬಿಲ್ಲಿನ ಎದುರು ತಾನಾಗಿ ಜಮೆಯಾಗುತ್ತದೆ, ಕೈಗಡವೂ ಮನೆಯ ಹಣವೂ ಮಾರಾಟದೊಳಗೆ ಬೆರೆಯುವುದಿಲ್ಲ. ಬಿಲ್ ಕೊಡುವುದು ಮೊದಲಿಂದ ರೂಢಿಯಿರುವ ದರ್ಶಿನಿ, ಔಷಧಿ ಅಂಗಡಿ, ಬಟ್ಟೆ ಅಂಗಡಿಗಳಿಗೆ ಇದು ಸುಲಭವಾಗಿ ಒಗ್ಗುತ್ತದೆ. ಬೆಳಗಿನ ಎರಡು ಗಂಟೆಗಳ ಅವಧಿಯಲ್ಲಿ ನೂರಾರು ಹಾಲಿನ ಪೊಟ್ಟಣ ಮಾರುವ, ಒಬ್ಬರೇ ನಡೆಸುವ ಕಾಂಡಿಮೆಂಟ್ಸ್‌ಗೆ ಪ್ರತಿ ಗಿರಾಕಿಗೂ ಮೊತ್ತ ಒತ್ತಿ ಪರದೆ ತಿರುಗಿಸುವಷ್ಟು ಬಿಡುವಿಲ್ಲ. ಅಲ್ಲಿ ಗೋಡೆಯ ಹಾಳೆಯೇ ಮುಂದುವರಿದಿದೆ.