ಅರಮನೆಯಿಂದ ಪಂಚಾಯಿತಿ ಕಟ್ಟೆಗೆ

ಹಂಪಿ, ಕಂಪ್ಲಿಗಳ ಇತಿಹಾಸ ಹೇಳುವವರು ಸಾಮಾನ್ಯವಾಗಿ ವಿಜಯನಗರದ ಪತನದೊಂದಿಗೆ ಕತೆ ಮುಗಿಸುತ್ತಾರೆ. ಆದರೆ ಹೊಸಪೇಟೆಯಿಂದ ದಕ್ಷಿಣಕ್ಕೆ, ಗುಡ್ಡಗಳ ನಡುವೆ ಇರುವ ಸಂಡೂರಿನಲ್ಲಿ ಅರಸೊತ್ತಿಗೆ 1949ರವರೆಗೂ ಉಳಿದಿತ್ತು. ಸುಮಾರು 160 ಚದರ ಮೈಲಿಯ ಈ ಪುಟ್ಟ ಸಂಸ್ಥಾನವನ್ನು ಆಳಿದವರು ಮರಾಠಾ ಮೂಲದ ಘೋರ್ಪಡೆ ಮನೆತನದವರು. 1932ರಲ್ಲಿಯೇ ಇಲ್ಲಿನ ಕುಮಾರಸ್ವಾಮಿ ದೇಗುಲದ ಬಾಗಿಲು ಹರಿಜನರಿಗೆ ತೆರೆದಿತ್ತು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು.

ಈ ಮನೆತನದ ಕುಡಿ ಎಂ.ವೈ. ಘೋರ್ಪಡೆ (1931–2011). ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದ ಅವರು ಕಾಂಗ್ರೆಸ್ ಸೇರಿ ಸಂಡೂರಿನಿಂದ ಹಲವು ಬಾರಿ ವಿಧಾನಸಭೆಗೆ ಆಯ್ಕೆಯಾದರು. ರಾಜಕೀಯದಲ್ಲಿ ಅವರದು ಮೆದು ಮಾತಿನ, ಮಧ್ಯಮ ಮಾರ್ಗದ ದಾರಿ. ಗುಡ್ಡಗಾಡಿನ ಪ್ರಾಣಿಪಕ್ಷಿಗಳ ಹಿಂದೆ ಕ್ಯಾಮೆರಾ ಹಿಡಿದು ಕಾದು ಕೂರುವುದು ಅವರ ಹವ್ಯಾಸ. ಆಡಳಿತದಲ್ಲೂ ಅದೇ ತಾಳ್ಮೆ ಅವರಿಂದ ನಿರೀಕ್ಷಿತವಾಗಿತ್ತು.

ಆ ತಾಳ್ಮೆಗೆ ಮೊದಲ ಪರೀಕ್ಷೆ ಬಂದದ್ದು 1972ರಲ್ಲಿ. ಮಾಜಿ ಅರಸರ ರಾಜಧನವನ್ನು ಕೇಂದ್ರ ಸರ್ಕಾರ 1971ರಲ್ಲಿ ರದ್ದುಪಡಿಸಿತ್ತು. ಮರುವರ್ಷ ಅದೇ ಪಕ್ಷದ ದೇವರಾಜ ಅರಸು ಸರ್ಕಾರದಲ್ಲಿ ಅರಸು ಮನೆತನದ ಘೋರ್ಪಡೆ ಹಣಕಾಸು ಸಚಿವರಾದರು. 1977ರವರೆಗೆ ಆ ಖಾತೆ ಅವರ ಬಳಿ ಇತ್ತು. ಉಳುವವನೇ ಹೊಲದೊಡೆಯ ಎಂಬ ತತ್ವದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದದ್ದು ಇದೇ ಸರ್ಕಾರದಿಂದ.

ಆದರೆ ಅದಕ್ಕೂ ಮುನ್ನ, 1973ರಲ್ಲಿ, ಸಂಡೂರಿನಲ್ಲಿಯೇ ಸಮಾಜವಾದಿಗಳು ಭೂಹೋರಾಟ ಹೂಡಿದರು. ಕುಮಾರಸ್ವಾಮಿ ಇನಾಂ ಜಮೀನು ಉಳುವವರಿಗೆ ಹಕ್ಕು ಸಿಗಬೇಕೆಂಬುದು ಬೇಡಿಕೆ. ಸಚಿವರ ಸ್ವಂತ ಊರಿನ ರೈತರೇ ಸತ್ಯಾಗ್ರಹಕ್ಕೆ ಇಳಿದರು. ಭೂಮಿಯ ನ್ಯಾಯ ಕೊಡಹೊರಟ ಸರ್ಕಾರದಲ್ಲಿ ಕುಳಿತವರ ಅಂಗಳದಲ್ಲಿಯೇ ನ್ಯಾಯದ ಪ್ರಶ್ನೆ ಎದ್ದಿತ್ತು. ಮಧ್ಯಮ ಮಾರ್ಗದ ರಾಜಕಾರಣಿಯ ಇಕ್ಕಟ್ಟು ಇದೇ: ಆತ ಸುಧಾರಣೆಯನ್ನು ಒಪ್ಪುತ್ತಾನೆ, ಆದರೆ ಸುಧಾರಣೆ ಕಾನೂನಿನ ಹೆಜ್ಜೆಯಲ್ಲಿ ಬರಲಿ ಎನ್ನುತ್ತಾನೆ. ಹಸಿದ ರೈತ ಅಷ್ಟು ದಿನ ಕಾಯಲಾರ.

ಘೋರ್ಪಡೆಯವರ ಹೆಸರು ಹೆಚ್ಚು ಉಳಿದದ್ದು ಪಂಚಾಯತ್ ರಾಜ್ ಸಚಿವರಾಗಿ. ನಜೀರ್ ಸಾಬ್ ಕಾಲದ 1983ರ ಕಾಯ್ದೆ ಮಂಡಲ ಪಂಚಾಯಿತಿಗಳನ್ನೂ ಜಿಲ್ಲಾ ಪರಿಷತ್ತುಗಳನ್ನೂ ಕೊಟ್ಟಿತ್ತು. 1992ರ ಆರಂಭದಲ್ಲಿ ಅವುಗಳ ಅವಧಿ ಮುಗಿದರೂ ಸಕಾಲಕ್ಕೆ ಚುನಾವಣೆ ನಡೆಯಲಿಲ್ಲ. ಸಂವಿಧಾನದ 73ನೇ ತಿದ್ದುಪಡಿಯ ನಂತರ ಘೋರ್ಪಡೆಯವರ ಮುಂದಾಳತ್ವದಲ್ಲಿ 1993ರ ಕಾಯ್ದೆ ಬಂತು. ಐದರಿಂದ ಏಳು ಸಾವಿರ ಜನಸಂಖ್ಯೆಗೊಂದು ಗ್ರಾಮ ಪಂಚಾಯಿತಿ, ನಡುವೆ ತಾಲ್ಲೂಕು ಪಂಚಾಯಿತಿ, ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಇದರ ಆಗಿನ ಚೌಕಟ್ಟಾಗಿತ್ತು. ಹಿಂದಿನ ಕಾಯ್ದೆ ಕೊಟ್ಟಷ್ಟು ಅಧಿಕಾರ ಇದರಲ್ಲಿ ಇಲ್ಲ, ಅಧಿಕಾರಿಗಳ ಹಿಡಿತ ಹೆಚ್ಚಿತು ಎಂಬ ಟೀಕೆ ಕೇಳಿಬಂತು. ಆ ಟೀಕೆಯಲ್ಲಿ ಹುರುಳಿತ್ತು.

1999ರಿಂದ 2004ರವರೆಗೆ ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಅದೇ ಖಾತೆ ಮತ್ತೆ ಅವರಿಗೆ ಬಂತು. ಪಂಚಾಯಿತಿಯ ಲೆಕ್ಕವನ್ನೂ ಕಾಮಗಾರಿಯನ್ನೂ ಊರವರ ಎದುರೇ ಪರಿಶೀಲಿಸುವ ಜಮಾಬಂದಿ ಆ ಅವಧಿಯಲ್ಲಿ ರೂಢಿಗೆ ಬಂತು. ಒಂದು ಕಾಲದಲ್ಲಿ ಅರಸರು ಪ್ರಜೆಗಳಿಂದ ಕಂದಾಯದ ಲೆಕ್ಕ ಕೇಳುತ್ತಿದ್ದ ಪದವದು. ಈಗ ಪ್ರಜೆಗಳೇ ಆಡಳಿತದಿಂದ ಲೆಕ್ಕ ಕೇಳುವ ದಿನಕ್ಕೆ ಆ ಹೆಸರು ಬಂತು.

ಅಷ್ಟರಲ್ಲಿ ಸಂಡೂರಿನ ರಾಜಕೀಯದ ಬಣ್ಣ ಬದಲಾಗುತ್ತಿತ್ತು. ಘೋರ್ಪಡೆ ಮನೆತನವೂ 1954ರಿಂದ ಗಣಿ ಉದ್ಯಮ ನಡೆಸಿತ್ತು, ನಿಜ. ಆದರೆ ಹೊಸ ಶತಮಾನದ ಅದಿರಿನ ಬೇಡಿಕೆ ತಂದ ಹಣದ ಪ್ರಮಾಣವೇ ಬೇರೆ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಸಲ್ಲಿಕೆಯಾಯಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿತು. ಅಕ್ಟೋಬರ್‌ನಲ್ಲಿ ಘೋರ್ಪಡೆ ತೀರಿಕೊಂಡರು.

ಅಬ್ಬರವಿಲ್ಲದ ರಾಜಕಾರಣಿಗೆ ಪ್ರತಿಮೆಗಳು ಕಡಿಮೆ. ಅವರ ಇತಿಮಿತಿಗಳನ್ನು 1973ರ ರೈತರು ತೋರಿಸಿಕೊಟ್ಟರು. ಹುಟ್ಟಿನಿಂದ ಬಂದ ಅಧಿಕಾರ ಕಳೆದುಕೊಂಡವರೊಬ್ಬರು, ಮತದಿಂದ ಬಂದ ಅಧಿಕಾರವನ್ನು ಹಳ್ಳಿಗೆ ಹಂಚುವ ಕಾನೂನಿಗೆ ದುಡಿದರೆಂಬುದೂ ಅಷ್ಟೇ ನಿಜ. ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಹೆಣ್ಣುಮಗಳಿಗೆ ಅವರ ಹೆಸರು ಗೊತ್ತಿಲ್ಲದಿರಬಹುದು. ಆಕೆ ಕೇಳುವ ಹಕ್ಕು ಮಾತ್ರ ಕಾನೂನಿನಲ್ಲಿದೆ.