ಮೂರನೆಯ ಸಿಲಿಂಡರು ಮತ್ತು ಒಂದು ಹಳೆಯ ಪ್ರಶ್ನೆ

ಈ ಪುಟಗಳನ್ನು ಓದುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಹೆಚ್ಚೆಂಬುದನ್ನು ಬಲ್ಲೆ. ಆದ್ದರಿಂದ ಈ ಬಾರಿ ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ. 1987ರ ಸುಮಾರಿನಲ್ಲಿ ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ಮಾಡುತ್ತಿದ್ದೆನು. ಕಾರಣಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತನು. "ಸಾರ್, ಹಿಟ್ಲರ್ ಬಡವರಿಗೆಲ್ಲ ಕಾರು ಕೊಟ್ಟಿದ್ನಂತೆ, ನಿಜಾನಾ ಸಾರ್?" ನನಗೆ ಉತ್ತರ ತಿಳಿದಿರಲಿಲ್ಲ, ತಿಳಿಯದೆಂದು ಹೇಳುವ ಧೈರ್ಯವೂ ಆ ವಯಸ್ಸಿನಲ್ಲಿ ಇರಲಿಲ್ಲ. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದೆನು. ಅವನು ಕುಳಿತನು.

ನಿವೃತ್ತಿಯ ಮರುವರ್ಷ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅದೇ ಹುಡುಗ ನನ್ನನ್ನು ಹುಡುಕಿಕೊಂಡು ಬಂದನು. ಈಗ ಅವನು ಹುಡುಗನಲ್ಲ. ಕಿವಿಯ ಬದಿಯ ಕೂದಲು ನರೆತಿರುವ ಎಂಜಿನಿಯರು. ಊಟಕ್ಕೆ ಕರೆದೊಯ್ದವನು ಮೊದಲು ತೋರಿಸಿದ್ದು ಗ್ಯಾರೇಜಿನಲ್ಲಿದ್ದ 1969ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು. "ಇವತ್ತು ಇದರ ಟ್ಯೂನಿಂಗ್ ಇಟ್ಕೊಂಡಿದೀನಿ ಸಾರ್. ನೀವು ಸ್ಟೂಲ್ ಮೇಲೆ ಕೂತು ಪುಸ್ತಕ ಓದ್ತಾ ಹೋಗಿ, ನಾನು ಮಾಡ್ತೀನಿ" ಎಂದನು. ಮೇಷ್ಟರಿಗೆ ಇದಕ್ಕಿಂತ ಒಪ್ಪುವ ಕೆಲಸ ಯಾವುದಿದ್ದೀತು!

ಆ ಪುಸ್ತಕದ ಬಗ್ಗೆ ಎರಡು ಮಾತು ಹೇಳಬೇಕು. ಎಂಜಿನಿಯರ್ ನೌಕರಿಯನ್ನು ತೊರೆದು ಹೊರಬಂದ ಜಾನ್ ಮ್ಯೂರ್ ಎಂಬುವನು 1969ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಿಂದ ತಾನೇ ಪ್ರಕಟಿಸಿದ ಕೈಪಿಡಿ ಅದು. ಬೀಟಲ್ಲನ್ನು ಜೀವಂತವಾಗಿ ಉಳಿಸಿಕೊಳ್ಳುವ ಬಗೆಯನ್ನು ಶತದಡ್ಡನಿಗೂ ತಿಳಿಯುವಂತೆ ಹೇಳುತ್ತೇನೆಂದು ಅದರ ಹೆಸರೇ ಸಾರುತ್ತದೆ. ಪೀಟರ್ ಆಶ್ವಾಂಡೆನ್ ಬಿಡಿಸಿದ ಚಿತ್ರಗಳು ಬಹಳ ಸೊಗಸಾಗಿವೆ. ಸ್ಪ್ಯಾನರ್ ಹಿಡಿದೇ ಅರಿಯದ ಎಷ್ಟೋ ತರುಣ ತರುಣಿಯರು ಅದನ್ನು ಎದುರಿಗಿಟ್ಟುಕೊಂಡು ತಮ್ಮ ಕಾರುಗಳನ್ನು ತಾವೇ ಸರಿಮಾಡಿಕೊಂಡರು. ಬಿ.ಎಡ್. ತರಗತಿಯಲ್ಲಿ ನಾವು ಕಲಿತ "ತಿಳಿದುದರಿಂದ ತಿಳಿಯದುದರೆಡೆಗೆ" ಎಂಬ ಸೂತ್ರವನ್ನು ಇಷ್ಟು ಚೆನ್ನಾಗಿ ಪಾಲಿಸಿದ ಪಠ್ಯಪುಸ್ತಕವನ್ನು ನಾನು ನಮ್ಮ ಶಾಲೆಗಳಲ್ಲಿ ಕಂಡಿಲ್ಲ.

ಕಾರಿನ ಇಂಜಿನ್ ಹಿಂಭಾಗದಲ್ಲಿದೆ. ನಾಲ್ಕು ಸಿಲಿಂಡರುಗಳು ಎಡಕ್ಕೆರಡು ಬಲಕ್ಕೆರಡು ಅಡ್ಡಲಾಗಿ ಮಲಗಿವೆ. ರೇಡಿಯೇಟರ್ ಇಲ್ಲ, ನೀರಿಲ್ಲ. ಬೆಲ್ಟಿನಿಂದ ಡೈನಮೋ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಗಿರುವ ಫ್ಯಾನು ತಗಡಿನ ಮುಸುಕಿನೊಳಗಿನಿಂದ ಸಿಲಿಂಡರುಗಳ ಮೇಲೆ ಗಾಳಿಯನ್ನು ದೂಡುತ್ತದೆ. ಬೆಲ್ಟು ಹರಿದರೆ ಗಾಳಿಯೂ ನಿಂತಂತೆ. ಚಾಲಕನೆದುರು ಕೆಂಪು ದೀಪ ಹೊತ್ತಿತೆಂದರೆ ಅಲ್ಲಿಯೇ ನಿಲ್ಲಿಸಬೇಕು. ನನಗೆ ಗಾಳಿಯಿಂದ ತಣಿಯುವ ಇಂಜಿನ್ ಹೊಸತಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯೊಂದನ್ನು ವರ್ಷಾನುಗಟ್ಟಲೆ ಓಡಿಸಿದವನು ನಾನು. ಭಾನುವಾರದ ಬೆಳಗ್ಗೆ ಅಂಗಳದಲ್ಲಿ ಅದರ ಪಾಯಿಂಟ್ ಉಜ್ಜುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಕಂಡಿದ್ದೀರಿ. ಆದರೆ ಯೆಜ್ಡಿಯದು ಟೂ ಸ್ಟ್ರೋಕ್ ಇಂಜಿನ್, ಅದರಲ್ಲಿ ವಾಲ್ವುಗಳಿಲ್ಲ. ಬೀಟಲ್ಲಿನ ಕೆಲಸವೆಲ್ಲ ಆರಂಭವಾಗುವುದೇ ವಾಲ್ವುಗಳಿಂದ.

ಇಂಜಿನ್ ಪೂರ್ತಿ ತಣ್ಣಗಿರಬೇಕು. ಅದಕ್ಕೆಂದೇ ಅವನು ಹಿಂದಿನ ರಾತ್ರಿಯಿಂದ ಕಾರನ್ನು ಮುಟ್ಟಿರಲಿಲ್ಲ. ಮೊದಲನೆಯ ಸಿಲಿಂಡರಿನ ವಾಲ್ವುಗಳೆರಡೂ ಮುಚ್ಚಿರುವ ಸ್ಥಿತಿಗೆ ಇಂಜಿನ್ನನ್ನು ತಂದು, ಕೆಳಗೆ ಮಲಗಿ, ತಂತಿಯ ಹಿಡಿಕೆಯನ್ನು ಸರಿಸಿ ಮುಚ್ಚಳ ತೆಗೆದನು. ವಾಲ್ವಿನ ಬುಡಕ್ಕೂ ಅದನ್ನೊತ್ತುವ ತಿರುಪಿಗೂ ನಡುವೆ 0.15 ಮಿಲಿಮೀಟರ್ ಸಂದು ಇರಬೇಕೆಂಬುದು ಅವನು ಪಾಲಿಸುವ ಲೆಕ್ಕ. ಎರಡು ಕೂದಲೆಳೆಯಷ್ಟು ಅಗಲ! ಫೀಲರ್ ಗೇಜಿನ ಎಲೆ ಆ ಸಂದಿನಲ್ಲಿ ತುಸುವೇ ಹಿಡಿದುಕೊಂಡು ಸರಿಯಬೇಕು. ನಮ್ಮ ಗ್ಯಾರೇಜುಗಳಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಎನ್ನುವುದು ಇದನ್ನೇ. ಸಂದು ಹೆಚ್ಚಾದರೆ ಟಕಟಕ ಸದ್ದು, ಅಷ್ಟೆ. ಕಡಿಮೆಯಾದರೆ ವಾಲ್ವು ಪೂರ್ತಿ ಕೂರುವುದಿಲ್ಲ; ಕೂರದಿದ್ದರೆ ತನ್ನ ಬಿಸಿಯನ್ನು ಇಳಿಸಲಾರದೆ ಸುಟ್ಟುಹೋಗುತ್ತದೆ, ಮುರಿದು ಒಳಗೆ ಬಿದ್ದರೆ ಇಂಜಿನ್ನೇ ಹಾಳು. ಒಂದು ಸಿಲಿಂಡರು ಮುಗಿದ ಮೇಲೆ ಇಂಜಿನ್ನನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಬೇಕು. ಕಿಡಿ ಹಾರುವ ಕ್ರಮ 1-4-3-2 ಆದ್ದರಿಂದ ಹಿಂದಕ್ಕೆ ತಿರುಗಿಸಿದಾಗ 1, 2, 3, 4 ಎಂದು ಸಾಲಾಗಿ ಬರುತ್ತವೆ.

ಮೂರನೆಯದಕ್ಕೆ ಬಂದಾಗ ಅವನು ಹೊರಗೆ ತಲೆ ಹಾಕಿ, "ಇದೇ ಸಾರ್ ಬಡಪಾಯಿ" ಎಂದನು. ಎಡಗಡೆಯ ಮುಂದಿನ ಸಿಲಿಂಡರು ಅದು. ಈ ಮಾದರಿಯಲ್ಲಿ ಆಯಿಲ್ ಕೂಲರನ್ನು ಫ್ಯಾನಿನ ಮುಸುಕಿನೊಳಗೆ ಇದರ ಮೇಲೆಯೇ ನಿಲ್ಲಿಸಿದ್ದರು. ಹೀಗಾಗಿ ಗಾಳಿ ಕಾದ ಎಣ್ಣೆಯ ಬಿಸಿಯನ್ನು ಹೊತ್ತು, ಅದೂ ಕಡಿಮೆಯಾಗಿ, ಇದಕ್ಕೆ ತಲುಪುತ್ತದೆ. ಸುಡುವ ವಾಲ್ವು ಹೆಚ್ಚಾಗಿ ಇದರದೇ. 1971ರ ಮಾದರಿಯಲ್ಲಿ ಕೂಲರಿಗೆ ಪ್ರತ್ಯೇಕ ಗೂಡು ಕಟ್ಟಿ, ಅದರ ಬಿಸಿಗಾಳಿಯನ್ನು ಹೊರಕ್ಕೆ ಕಳುಹಿಸಿದರು. ಅಷ್ಟರಲ್ಲಿ ಕೋಟಿಗೂ ಮಿಕ್ಕಿ ಕಾರುಗಳು ತಯಾರಾಗಿ ಹೋಗಿದ್ದವು.

"ನೀರನ್ನೇ ಹಾಕಬಹುದಿತ್ತಲ್ಲ, ಗಾಳಿಯೇ ಏಕೆ?" ಎಂದು ಕೇಳಿದೆನು. ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೆ ನಾನು ಓದಿದ್ದು ಅದನ್ನು ಹುಡುಕಿಕೊಂಡೇ.

1934ರಲ್ಲಿ ಹಿಟ್ಲರನ ಸರಕಾರವು ಫರ್ಡಿನಾಂಡ್ ಪೋರ್ಷೆಯವರಿಗೆ ಜನಸಾಮಾನ್ಯರ ಕಾರಿನ ಕೆಲಸವನ್ನು ಒಪ್ಪಿಸಿತು. ಗಂಟೆಗೆ 100 ಕಿಲೋಮೀಟರ್ ಓಡಬೇಕು, ಒಂದು ಸಂಸಾರ ಕೂರಬೇಕು, ಬೆಲೆ ಸಾವಿರ ಮಾರ್ಕಿನೊಳಗಿರಬೇಕು. ಕಾರಿಡಲು ಮನೆಯಲ್ಲಿ ಜಾಗವಿಲ್ಲದವರಿಗಾಗಿ ಮಾಡುವ ಕಾರು ಚಳಿಗಾಲದ ರಾತ್ರಿಯೆಲ್ಲ ಬೀದಿಯಲ್ಲೇ ನಿಲ್ಲುತ್ತದೆ. ಅದರಲ್ಲಿ ನೀರಿದ್ದರೆ ಹೆಪ್ಪುಗಟ್ಟೀತು. ಆದ್ದರಿಂದ ಗಾಳಿ. ಈ ವಿಚಾರ ಪೋರ್ಷೆಯವರೊಬ್ಬರದೇ ಆಗಿರಲಿಲ್ಲ. ಚೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿಯಲ್ಲಿ ಹಾನ್ಸ್ ಲೆಡ್‌ವಿಂಕಾ ಗಾಳಿ ತಣಿಸುವ, ಹಿಂದೆ ಇಂಜಿನ್ನಿರುವ ಕಾರುಗಳನ್ನು ಆಗಲೇ ಮಾಡುತ್ತಿದ್ದರು. ಅಗ್ಗದ ಪುಟ್ಟ ಕಾರಿಗಾಗಿ ಪತ್ರಿಕೆಯಲ್ಲಿ ಹೋರಾಡಿದ ಯಹೂದಿ ಎಂಜಿನಿಯರ್ ಯೋಸೆಫ್ ಗಾಂಜ್ 1933ರಲ್ಲಿ ಬಂಧಿತರಾಗಿ, ಆಮೇಲೆ ದೇಶವನ್ನೇ ಬಿಡಬೇಕಾಯಿತು. ಅವರ ಹೆಸರು ಬಹುಕಾಲ ಎಲ್ಲಿಯೂ ಕೇಳಿಬರಲಿಲ್ಲ.

1938ರ ಮೇ 26ರಂದು ಕಾರ್ಖಾನೆಗೆ ಹಿಟ್ಲರ್ ಅಸ್ತಿಭಾರ ಹಾಕಿದನು. ಬೆಲೆ 990 ಮಾರ್ಕು. ವಾರಕ್ಕೆ ಐದು ಮಾರ್ಕಿನ ಚೀಟಿ ಕೊಂಡು ಪುಸ್ತಕಕ್ಕೆ ಅಂಟಿಸುತ್ತಾ ಹೋಗಬೇಕು. ಪುಸ್ತಕ ತುಂಬಿದರೆ ಕಾರು. ಸುಮಾರು 3,36,000 ಮಂದಿ ಹೀಗೆ ಹಣ ಕಟ್ಟಿದರು. ಮರುವರ್ಷವೇ ಯುದ್ಧ. ಅದೇ ಇಂಜಿನ್ ಸೈನ್ಯದ ಕ್ಯೂಬೆಲ್‌ವಾಗನ್ ಗಾಡಿಗಳಿಗೆ ಹೋಯಿತು. ಆಗ ತಯಾರಾದ ಕೆಲವೇ ನೂರು ಕಾರುಗಳು ಅಧಿಕಾರಸ್ಥರ ಪಾಲಾದವು. ಚೀಟಿ ಅಂಟಿಸಿದವರಲ್ಲಿ ಒಬ್ಬನಿಗೂ ಕಾರು ದೊರೆಯಲಿಲ್ಲ. ಯುದ್ಧದ ನಂತರ ಅವರು ಕೋರ್ಟಿಗೆ ಹೋದರು. 1961ರಲ್ಲಿ ವ್ಯಾಜ್ಯ ಮುಗಿದು, ಹೊಸ ಕಾರು ಕೊಂಡರೆ ಹೆಚ್ಚೆಂದರೆ 600 ಮಾರ್ಕಿನ ರಿಯಾಯಿತಿ, ಬೇಡವಾದರೆ 100 ಮಾರ್ಕು ನಗದು ಎಂದಾಯಿತು. ನಮ್ಮ ಊರುಗಳಲ್ಲಿ ಚೀಟಿ ಹಾಕಿ ಕೈಸುಟ್ಟುಕೊಂಡವರಿಗೆ ಈ ಕಥೆ ಬೇರೆ ದೇಶದ್ದೆನ್ನಿಸಲಾರದು.

ಇದಕ್ಕಿಂತ ಕೆಟ್ಟದ್ದೂ ಅಲ್ಲಿ ನಡೆಯಿತು. ಯುದ್ಧಕಾಲದ ಕಾರ್ಖಾನೆಯಲ್ಲಿ ದುಡಿದವರಲ್ಲಿ ಹೆಚ್ಚಿನವರು ಪೋಲೆಂಡ್, ರಷ್ಯಾ ಮೊದಲಾದ ನಾಡುಗಳಿಂದ ಬಲವಂತವಾಗಿ ತಂದವರು, ಸೆರೆಯಾಳುಗಳು. ಆ ತಾಯಂದಿರ ಹಸುಗೂಸುಗಳನ್ನು ಕಿತ್ತುಕೊಂಡು ರ್‍ಯೂಯೆನ್ ಎಂಬ ಹಳ್ಳಿಯ ಶಿಶುಗೃಹದಲ್ಲಿಟ್ಟರು. ಅಲ್ಲಿ ಸತ್ತ ಕೂಸುಗಳು ಮುನ್ನೂರಕ್ಕೂ ಹೆಚ್ಚು. ಹೊಣೆಗಾರನಾದ ಕಾರ್ಖಾನೆಯ ವೈದ್ಯನಿಗೆ ಬ್ರಿಟಿಷ್ ಸೈನಿಕ ನ್ಯಾಯಾಲಯ ಮರಣದಂಡನೆ ವಿಧಿಸಿ, 1947ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಬಲವಂತದ ದುಡಿಮೆಗೆ ಒಳಗಾದವರಿಗಾಗಿ ಕಂಪನಿ ನಿಧಿ ಸ್ಥಾಪಿಸಿದ್ದು 1998ರಲ್ಲಿ. ನಾನು ಕಪ್ಪುಹಲಗೆಯ ಮೇಲೆ ಬರೆದ ಕಾರಣಗಳಲ್ಲಿಯಾಗಲಿ ಪರಿಣಾಮಗಳಲ್ಲಿಯಾಗಲಿ ಈ ಕೂಸುಗಳಿರಲಿಲ್ಲ.

ಬಾಂಬಿಗೆ ಸಿಕ್ಕ ಕಾರ್ಖಾನೆಗೆ 1945ರಲ್ಲಿ ಬಂದ ಬ್ರಿಟಿಷ್ ಮೇಜರ್ ಐವನ್ ಹರ್ಸ್ಟ್, ಸೈನ್ಯಕ್ಕೆ ಓಡಾಡಲು ಗಾಡಿ ಬೇಕಾಗಿದ್ದುದರಿಂದ, ಹಳೆಯ ಯಂತ್ರಗಳನ್ನೇ ಹೊರತೆಗೆಸಿ ಕೆಲಸ ಆರಂಭಿಸಿದನು. 20,000 ಕಾರುಗಳಿಗೆ ಬೇಡಿಕೆ ಬಂತು. 1948ರಿಂದ ಹೈನ್‌ರಿಚ್ ನಾರ್ಡ್‌ಹಾಫ್ ಅದನ್ನು ಬೆಳೆಸಿದರು. 1972ರ ಫೆಬ್ರವರಿ 17ರಂದು 1,50,07,034ನೆಯ ಬೀಟಲ್ ಹೊರಬಂದು ಫೋರ್ಡಿನ ಮಾಡೆಲ್-ಟಿ ದಾಖಲೆಯನ್ನು ಮುರಿಯಿತು. ಕೊನೆಯದು ಮೆಕ್ಸಿಕೋದ ಪ್ವೆಬ್ಲಾದಲ್ಲಿ 2003ರ ಜುಲೈ 30ರಂದು, ಒಟ್ಟು 2,15,29,464.

ಗ್ಯಾರೇಜಿಗೆ ಮರಳೋಣ. ವಾಲ್ವುಗಳಾದ ಮೇಲೆ ಪ್ಲಗ್ಗುಗಳು, ಆಮೇಲೆ ನಮ್ಮವರು ಡೆಲ್ಕೊ ಎನ್ನುವ ಡಿಸ್ಟ್ರಿಬ್ಯೂಟರಿನ ಪಾಯಿಂಟು. ಅಲ್ಲಿ ಸಂದು 0.4 ಮಿಲಿಮೀಟರ್. ಗೇಜನ್ನು ನನ್ನ ಕೈಗೆ ಕೊಟ್ಟು "ನೀವೇ ನೋಡಿ ಸಾರ್, ಯೆಜ್ಡಿ ಕೈ" ಎಂದನು. ನೋಡಿದೆ, ಸರಿಯಿತ್ತು. ಕಡೆಯದು ಟೈಮಿಂಗ್. ಪುಲ್ಲಿಯ ಗುರುತನ್ನು ಇಂಜಿನ್ನಿನ ಎರಡು ಹೋಳುಗಳು ಕೂಡುವ ಗೆರೆಗೆ ತಂದು, ಪುಟ್ಟ ಬಲ್ಬೊಂದನ್ನು ಸಿಕ್ಕಿಸಿ, ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸುತ್ತಾ ಬಲ್ಬು ಹೊತ್ತಿಕೊಳ್ಳುವ ಕ್ಷಣದಲ್ಲಿ ಬಿಗಿದನು.

ಇಂಜಿನ್ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತಾ ನಿಂತಿತು. ನಾನು ಬರೆದುಕೊಂಡ ಉತ್ತರವನ್ನು ಕಳೆದ ತಿಂಗಳು ಅವನಿಗೆ ದೂರವಾಣಿಯಲ್ಲಿ ಓದಿ ಹೇಳಿದೆನು. ಪೂರ್ತಿ ಕೇಳಿಸಿಕೊಂಡನು. ರ್‍ಯೂಯೆನ್ ಬಂದಾಗ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಕ್ಲಾಸಲ್ಲಿ ನಾನು ಆ ಪ್ರಶ್ನೆ ಕೇಳಿದ್ನಾ ಸಾರ್? ನನಗೆ ನೆನಪೇ ಇಲ್ಲ" ಎಂದನು. ಕಾರನ್ನು ಮಾರುವೆಯಾ ಎಂದು ಕೇಳಿದೆ. ಇಲ್ಲವಂತೆ. ಮುಂದಿನ ಶನಿವಾರ ಮತ್ತೆ ಟ್ಯಾಪೆಟ್ ನೋಡಬೇಕಂತೆ. ಮೂರನೆಯದನ್ನು ಮೊದಲು ನೋಡುತ್ತಾನಂತೆ.